ಡೈನಮೋ ಚಾರ್ಜಿಂಗ್ ಕೆಟ್ಟಾಗ: ರೆಗ್ಯುಲೇಟರ್ ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದದ್ದು

ಬ್ಯಾಟರಿ ತುಂಬಿಸಲು ಡೈನಮೋ ಇರುವ ಹಳೇ ಗಾಡಿಯಲ್ಲಿ ಬ್ಯಾಟರಿ ಪದೇ ಪದೇ ಇಳಿಯತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ರೆಗ್ಯುಲೇಟರ್ ಪೆಟ್ಟಿಗೆಗೆ. ಮುಚ್ಚಳ ತೆಗೆಯುತ್ತಾರೆ, ಒಳಗಿನ ಸ್ಕ್ರೂ ಕಾಲು ಸುತ್ತು ಬಿಗಿ ಮಾಡುತ್ತಾರೆ, ಕರೆಂಟ್ ತೋರಿಸುವ ಅಮೀಟರ್ ಮುಳ್ಳು ಸ್ವಲ್ಪ ಮೇಲೆದ್ದ ಹಾಗೆ ಕಾಣುತ್ತದೆ, ಸರಿ ಆಯ್ತು ಅಂತ ಮುಚ್ಚಳ ಹಾಕುತ್ತಾರೆ. ನಿಜವಾದ ದೋಷ ಎಲ್ಲಿತ್ತೋ ಅಲ್ಲೇ ಇರುತ್ತದೆ. ಜೊತೆಗೆ ಈಗ ಸೆಟ್ಟಿಂಗ್ ಕೂಡ ಹಾಳಾಗಿರುತ್ತದೆ. ಆಮೇಲೆ ಹೆಡ್‌ಲೈಟ್ ಬಲ್ಬುಗಳು ಸುಡುತ್ತವೆ, ಬ್ಯಾಟರಿ ನೀರು ಬೇಗ ಬೇಗ ಆರುತ್ತದೆ, ತೀರಾ ಮಿತಿಮೀರಿದರೆ ಡೈನಮೋ ಒಳಗೆ ತಿರುಗುವ ಆರ್ಮೇಚರ್ ಕಾದು, ಅದರ ತುದಿಯ ತಾಮ್ರಪಟ್ಟಿಗಳ ಕಮ್ಯುಟೇಟರ್ ಹತ್ತಿರದ ಬೆಸುಗೆ ಕರಗಿ ಹಾರಿಹೋಗುತ್ತದೆ.

ಒಂದು ಮಾತು ಗಟ್ಟಿಯಾಗಿ ಹಿಡಿದುಕೊಂಡರೆ ಹುಡುಕಾಟದ ಅರ್ಧ ಕೆಲಸ ಮುಗಿದ ಹಾಗೆ. ರೆಗ್ಯುಲೇಟರ್ ಕರೆಂಟ್ ಹುಟ್ಟಿಸುವುದಿಲ್ಲ. ಡೈನಮೋ ಹುಟ್ಟಿಸಿದ್ದನ್ನು ತಡೆಯುವುದಷ್ಟೇ ಅದರ ಕೆಲಸ. ಹಾಗಾಗಿ ಚಾರ್ಜ್ ಕಡಿಮೆ ಆದಾಗ ಮೊದಲು ಕೇಳಬೇಕಾದ್ದು "ಡೈನಮೋಗೆ ಕೊಡುವ ಶಕ್ತಿ ಇದೆಯಾ?" ಅಂತ. ಚಾರ್ಜ್ ಮಿತಿಮೀರಿದಾಗ ಕೇಳಬೇಕಾದ್ದು "ತಡೆಯುವವನು ಯಾಕೆ ತಡೆಯುತ್ತಿಲ್ಲ?" ಅಂತ. ಎರಡಕ್ಕೂ ಹುಡುಕುವ ದಾರಿ ಬೇರೆ ಬೇರೆ.

ಪೆಟ್ಟಿಗೆ ಒಳಗೆ ನಡೆಯುವುದೇನು

ಡೈನಮೋ ಎಷ್ಟು ವೋಲ್ಟ್ ಕೊಡುತ್ತದೆ ಅನ್ನುವುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ. ಒಂದು, ಅದು ಎಷ್ಟು ವೇಗವಾಗಿ ತಿರುಗುತ್ತಿದೆ. ಇನ್ನೊಂದು, ಅದರೊಳಗೆ ಕಾಂತಶಕ್ತಿ ಹುಟ್ಟಿಸುವ ಫೀಲ್ಡ್ ಕಾಯಿಲ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ. ವೇಗ ನಮ್ಮ ಕಾಲಿನ ಕೆಳಗಿದೆ, ಏರುತ್ತಿರುತ್ತದೆ, ಇಳಿಯುತ್ತಿರುತ್ತದೆ. ಹಿಡಿತಕ್ಕೆ ಸಿಗುವುದು ಫೀಲ್ಡ್ ಕರೆಂಟ್ ಮಾತ್ರ. 12 ವೋಲ್ಟ್ ಗಾಡಿಯ ಸಾಮಾನ್ಯ ಡೈನಮೋದಲ್ಲಿ, ಲ್ಯೂಕಸ್ ಕಂಪನಿಯ ಸಿ40 ತರಹದ್ದರಲ್ಲಿ, ಫೀಲ್ಡ್ ಕಾಯಿಲ್ ಸುಮಾರು 6 ಓಮ್ ಇರುತ್ತದೆ. ಅಂದರೆ ಪೂರ್ತಿ ಬಿಟ್ಟರೂ ಅಲ್ಲಿ ಹರಿಯುವುದು 2 ಆಂಪಿಯರ್ ಅಷ್ಟೇ. ಆ 2 ಆಂಪಿಯರ್ ಹಿಡಿದುಕೊಂಡು 22 ಆಂಪಿಯರ್ ಕೊಡುವ ಡೈನಮೋವನ್ನು ಹತೋಟಿಯಲ್ಲಿ ಇಡುತ್ತದೆ ಆ ಚಿಕ್ಕ ಪೆಟ್ಟಿಗೆ. ಎಷ್ಟು ಚೆಂದದ ಉಪಾಯ ಅಲ್ವಾ.

ಎಂಜಿನ್ ಸ್ಟಾರ್ಟ್ ಆದಾಗ ಡೈನಮೋ ಒಳಗಿನ ಕಬ್ಬಿಣದಲ್ಲಿ ಉಳಿದಿರುವ ಸ್ವಲ್ಪ ಕಾಂತಶಕ್ತಿಯಿಂದ ಒಂದು ವೋಲ್ಟ್ ಆಸುಪಾಸು ಹುಟ್ಟುತ್ತದೆ. ಅದು ರೆಗ್ಯುಲೇಟರ್‌ನ ಮುಚ್ಚಿದ ಪಾಯಿಂಟ್‌ಗಳ (ತೆರೆದು ಮುಚ್ಚುವ ಲೋಹದ ಸಂಪರ್ಕಗಳ) ಮೂಲಕ ಫೀಲ್ಡ್‌ಗೆ ಹೋಗುತ್ತದೆ, ಫೀಲ್ಡ್ ಬಲವಾಗುತ್ತದೆ, ವೋಲ್ಟ್ ಇನ್ನೂ ಏರುತ್ತದೆ, ಹೀಗೆ ತಾನೇ ತನ್ನನ್ನು ಎತ್ತಿಕೊಳ್ಳುತ್ತಾ ಹೋಗುತ್ತದೆ. ಸುಮಾರು 13 ವೋಲ್ಟ್ ಹತ್ತಿರ ಬಂದಾಗ ಪಕ್ಕದ ಇನ್ನೊಂದು ಕಾಯಿಲ್, ಅಂದರೆ ಕಟೌಟ್, ತನ್ನ ಪಾಯಿಂಟ್ ಎಳೆದು ಮುಚ್ಚಿ ಡೈನಮೋವನ್ನು ಬ್ಯಾಟರಿಗೆ ಸೇರಿಸುತ್ತದೆ. ವೋಲ್ಟ್ ಇನ್ನೂ ಏರಿ ಸೆಟ್ ಮಾಡಿದ ಮಟ್ಟ ಮುಟ್ಟಿತು ಅಂದರೆ ರೆಗ್ಯುಲೇಟರ್ ಕಾಯಿಲ್ ಸ್ಪ್ರಿಂಗ್‌ನ ಬಲ ಮೀರಿ ತನ್ನ ತಗಡನ್ನು ಎಳೆಯುತ್ತದೆ, ಪಾಯಿಂಟ್ ಬಿಡುತ್ತದೆ. ಆಗ ಫೀಲ್ಡ್ ಕರೆಂಟ್ ನೇರ ದಾರಿ ಬಿಟ್ಟು ಒಂದು ರೆಸಿಸ್ಟರ್ ಮೂಲಕ ಹೋಗಬೇಕು. ಫೀಲ್ಡ್ ಸೊರಗುತ್ತದೆ, ವೋಲ್ಟ್ ಇಳಿಯುತ್ತದೆ, ಸ್ಪ್ರಿಂಗ್ ಪಾಯಿಂಟನ್ನು ಮತ್ತೆ ಮುಚ್ಚುತ್ತದೆ. ಇದು ಸೆಕೆಂಡಿಗೆ ಸುಮಾರು 50ರಿಂದ 200 ಸಲ ನಡೆಯುತ್ತದೆ. ಕಿವಿಗೆ ಅದು ಸಣ್ಣ ಗುಂಯ್ ಅನ್ನುವ ಸದ್ದು. ಎಂಜಿನ್ ವೇಗ ಜಾಸ್ತಿ ಆದಷ್ಟೂ ಪಾಯಿಂಟ್ ತೆರೆದೇ ಇರುವ ಹೊತ್ತು ಜಾಸ್ತಿ.

ಪೆಟ್ಟಿಗೆಗಳಲ್ಲಿ ಎರಡು ಬಗೆ. ಎರಡು ಕಾಯಿಲ್ ಇರುವುದು ಒಂದು, ಮೂರು ಕಾಯಿಲ್ ಇರುವುದು ಇನ್ನೊಂದು. ಲ್ಯೂಕಸ್ ಆರ್‌ಬಿ 106 ಎರಡು ಕಾಯಿಲ್‌ನದು. ಅದರಲ್ಲಿ ವೋಲ್ಟೇಜ್ ಕಾಯಿಲ್ ಮೇಲೆಯೇ ದಪ್ಪ ತಂತಿಯ ಕೆಲವು ಸುತ್ತುಗಳಿವೆ. ಲೋಡ್ ಜಾಸ್ತಿ ಆದಾಗ ಆ ಸುತ್ತುಗಳೂ ಎಳೆಯಲು ಸೇರಿಕೊಂಡು ವೋಲ್ಟೇಜನ್ನು ಕೆಳಗೆ ತರುತ್ತವೆ, ಡೈನಮೋ ಸುಡದಂತೆ ಕಾಯುತ್ತವೆ. ಮೂರು ಕಾಯಿಲ್ ಪೆಟ್ಟಿಗೆಯಲ್ಲಿ ಕರೆಂಟ್ ತಡೆಯಲು ಪ್ರತ್ಯೇಕ ಕಾಯಿಲ್ ಇರುತ್ತದೆ. ಬ್ಯಾಟರಿ ಖಾಲಿ ಇರುವಾಗ ಕರೆಂಟ್ ಕಾಯಿಲ್ ಕಂಪಿಸುತ್ತದೆ, ತುಂಬುತ್ತಾ ಬಂದಾಗ ಅದು ಸುಮ್ಮನಾಗಿ ವೋಲ್ಟೇಜ್ ಕಾಯಿಲ್ ಕೆಲಸ ಶುರು ಮಾಡುತ್ತದೆ. ಇವೆರಡೂ ಒಟ್ಟಿಗೆ ದುಡಿಯುವುದಿಲ್ಲ.

ಚಾರ್ಜಿಂಗ್ ಲೈಟ್ ಹೇಳುವುದನ್ನು ಕೇಳಿ

ಯಾವ ಸ್ಪ್ಯಾನರ್ರೂ ಬೇಡ, ಮೊದಲು ಡ್ಯಾಶ್‌ಬೋರ್ಡ್ ನೋಡಿ. ಆ ಕೆಂಪು ದೀಪದ ಒಂದು ಕಡೆ ಇಗ್ನಿಷನ್ ಸ್ವಿಚ್ ಮೂಲಕ ಬ್ಯಾಟರಿ, ಇನ್ನೊಂದು ಕಡೆ ಡೈನಮೋ. ಎರಡೂ ಕಡೆ ಒಂದೇ ವೋಲ್ಟ್ ಇದ್ದರೆ ದೀಪ ಆರುತ್ತದೆ, ವ್ಯತ್ಯಾಸ ಇದ್ದರೆ ಉರಿಯುತ್ತದೆ. ಇಷ್ಟೇ ಅದರ ಲೆಕ್ಕ, ಆದರೆ ಹೇಳುವುದು ಬಹಳ.

ಐಡಲ್‌ನಲ್ಲಿ ದೀಪ ಮಿನುಗಿದರೆ ಗಾಬರಿ ಬೇಡ. ಡೈನಮೋ ಐಡಲ್ ವೇಗದಲ್ಲಿ ಚಾರ್ಜ್ ಮಾಡುವುದಿಲ್ಲ, ಅದು ದೋಷವಲ್ಲ. ಆಕ್ಸಿಲರೇಟರ್ ಒತ್ತಿದರೂ ದೀಪ ಆರದೆ ಅದೇ ಬೆಳಕಿನಲ್ಲಿ ಉರಿದರೆ ಡೈನಮೋ ಏನೂ ಕೊಡುತ್ತಿಲ್ಲ. ಹೆಡ್‌ಲೈಟ್ ಹಾಕಿ ಓಡಿಸುವಾಗ ಮಾತ್ರ ಮಂಕಾಗಿ ಕೆಂಪಗೆ ಕಂಡರೆ ಕಟೌಟ್ ಪಾಯಿಂಟ್ ಸುಟ್ಟಿದೆ ಅಥವಾ ಆ ದಾರಿಯಲ್ಲಿ ಒಂದು ಜಾಯಿಂಟ್ ಸಡಿಲ ಇದೆ, ಅಲ್ಲಿ ವೋಲ್ಟ್ ಬೀಳುತ್ತಿದೆ. ಇನ್ನೊಂದು ಬಗೆ ಇದೆ, ಇದನ್ನು ಕಂಡರೆ ತಕ್ಷಣ ಎಂಜಿನ್ ಆಫ್ ಮಾಡಿ: ವೇಗ ಏರಿಸಿದಾಗ ದೀಪ ಒಮ್ಮೆ ಮಂಕಾಗಿ, ಇನ್ನೂ ಏರಿಸಿದರೆ ಮೊದಲಿಗಿಂತ ಜೋರಾಗಿ ಉರಿಯುವುದು. ಡೈನಮೋ ವೋಲ್ಟ್ ಬ್ಯಾಟರಿಯನ್ನು ದಾಟಿ ಓಡುತ್ತಿದೆ, ಕಟೌಟ್ ಮುಚ್ಚಿಲ್ಲ, ರೆಗ್ಯುಲೇಟರ್ ತಡೆಯುತ್ತಿಲ್ಲ ಅಂತ ಅರ್ಥ. ಎರಡೂ ಕಾಯಿಲ್ ಒಟ್ಟಿಗೆ ಸತ್ತಿರುವುದು ಅಪರೂಪ. ಪೆಟ್ಟಿಗೆಯ ಇ ಟರ್ಮಿನಲ್‌ನ ಅರ್ತ್ ವೈರು, ಅಂದರೆ ಗಾಡಿಯ ಲೋಹದ ಮೈಗೆ ಸೇರುವ ವೈರು, ಕಿತ್ತು ಬಂದಿರುವುದೇ ಹೆಚ್ಚು. ಎರಡೂ ಕಾಯಿಲ್‌ಗೆ ಅದೊಂದೇ ಅರ್ತ್.

ದೀಪ ಸರಿಯಾಗಿ ಆರುತ್ತಿದ್ದು ಬ್ಯಾಟರಿ ಮಾತ್ರ ಇಳಿಯುತ್ತಿದ್ದರೆ ಬ್ಯಾಟರಿಯನ್ನೇ ಮೊದಲು ನೋಡಿ. ಒಂದು ಸೆಲ್ ಶಾರ್ಟ್ ಆಗಿರಬಹುದು, ಪ್ಲೇಟಿಗೆ ಸಲ್ಫೇಟ್ ಹಿಡಿದಿರಬಹುದು. ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ ಅಳೆಯಿರಿ. ತುಂಬಿದ ಸೆಲ್ 1.27 ಆಸುಪಾಸು ತೋರಿಸಬೇಕು. ಐದು ಸೆಲ್ ಚೆನ್ನಾಗಿದ್ದು ಒಂದು ಮಾತ್ರ ತುಂಬಾ ಕೆಳಗಿದ್ದರೆ ಇಲ್ಲಿಗೇ ನಿಲ್ಲಿಸಿ ಬ್ಯಾಟರಿ ಬದಲಿಸಿ. ಫ್ಯಾನ್ ಬೆಲ್ಟ್ ಕೂಡ ಈಗಲೇ ಒತ್ತಿ ನೋಡಿ. ಎಣ್ಣೆ ಹತ್ತಿ ಹೊಳೆಯುವ ಬೆಲ್ಟ್ ಬಿಗಿಯಿದ್ದರೂ ಜಾರುತ್ತದೆ.

ಡೈನಮೋ ಒಂದನ್ನೇ ಬೇರೆ ಮಾಡಿ ನೋಡಿ

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಮುಖ್ಯ ಪರೀಕ್ಷೆ ಇದು. ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. ಆದರೆ ಮಾಡುವ ಮೊದಲು ನಿಮ್ಮ ಡೈನಮೋ ಯಾವ ಬಗೆ ಅಂತ ಗೊತ್ತಿರಬೇಕು. ಗೊತ್ತಿಲ್ಲದೆ ಮಾಡಿದರೆ ಚೆನ್ನಾಗಿರುವ ಡೈನಮೋ ಸತ್ತಿದೆ ಅಂತ ತೋರುತ್ತದೆ.

ಒಂದು ಬಗೆಯಲ್ಲಿ ಫೀಲ್ಡ್ ಕಾಯಿಲ್‌ನ ಒಂದು ತುದಿ ಡೈನಮೋ ಒಳಗೇ ಅದರ ಬಾಡಿಗೆ (ಲೋಹದ ಹೊರಕವಚಕ್ಕೆ) ಅರ್ತ್ ಆಗಿರುತ್ತದೆ, ರೆಗ್ಯುಲೇಟರ್ ಅದಕ್ಕೆ ಕರೆಂಟ್ ಕೊಡುತ್ತದೆ. ಲ್ಯೂಕಸ್ ಡೈನಮೋಗಳು ಹೀಗೆ. ಇನ್ನೊಂದು ಬಗೆಯಲ್ಲಿ ಫೀಲ್ಡ್‌ನ ಒಂದು ತುದಿ ಒಳಗೇ ಆರ್ಮೇಚರ್‌ನ ಲೈವ್ ಕಾರ್ಬನ್ ಬ್ರಷ್‌ಗೆ (ಕಮ್ಯುಟೇಟರ್ ಮೇಲೆ ಉಜ್ಜುತ್ತಾ ಕರೆಂಟ್ ಹೊರತರುವ ತುಂಡಿಗೆ) ಸೇರಿರುತ್ತದೆ, ಇನ್ನೊಂದು ತುದಿಯನ್ನು ರೆಗ್ಯುಲೇಟರ್ ಅರ್ತ್ ಮಾಡುತ್ತದೆ. ಜನರಲ್ ಮೋಟಾರ್ಸ್ ಗಾಡಿಗಳ ಡೆಲ್ಕೊ ಡೈನಮೋಗಳು ಸಾಮಾನ್ಯವಾಗಿ ಹೀಗೆ. ತಿಳಿಯದಿದ್ದರೆ ಎರಡೂ ವೈರು ಬಿಚ್ಚಿ, ಲೈವ್ ಬ್ರಷ್ ಕೆಳಗೆ ಒಂದು ತುಂಡು ರಟ್ಟು ಸಿಕ್ಕಿಸಿ, ಎಫ್ ಅಂದರೆ ಫೀಲ್ಡ್ ಟರ್ಮಿನಲ್‌ನಿಂದ ಬಾಡಿಗೆ ಓಮ್ ಅಳೆಯಿರಿ. 6 ಓಮ್ ಹತ್ತಿರ ಬಂದರೆ ಒಳಗೆ ಅರ್ತ್ ಆದ ಬಗೆ. ಬಾಡಿಗೆ ಏನೂ ತೋರಿಸದೆ ಆರ್ಮೇಚರ್ ಟರ್ಮಿನಲ್‌ಗೆ ಅಷ್ಟು ಓಮ್ ತೋರಿಸಿದರೆ ಎರಡನೆಯ ಬಗೆ. ರಟ್ಟು ಸಿಕ್ಕಿಸದೆ ಅಳೆದರೆ ಆರ್ಮೇಚರ್‌ನ ರೆಸಿಸ್ಟೆನ್ಸ್ ಸೊನ್ನೆಗೆ ಹತ್ತಿರ ಇರುವುದರಿಂದ ಎರಡು ಬಗೆಯೂ ಒಂದೇ ಥರ ಕಾಣುತ್ತವೆ, ಸುಮ್ನೆ ಗೊಂದಲ. ಅಳೆದಾದ ಮೇಲೆ ರಟ್ಟು ತೆಗೆಯುವುದು ಮರೆಯಬೇಡಿ.

ಈಗ ಪರೀಕ್ಷೆ. ಡೈನಮೋ ಮೇಲಿನ ಎರಡೂ ವೈರು ಬಿಚ್ಚಿ ಎಲ್ಲಿಗೂ ತಾಗದಂತೆ ಪಕ್ಕಕ್ಕೆ ಇಡಿ. ಲ್ಯೂಕಸ್ ಬಗೆಯಾದರೆ ಡಿ (ಆರ್ಮೇಚರ್) ಮತ್ತು ಎಫ್ ಟರ್ಮಿನಲ್‌ಗಳನ್ನು ತುಂಡು ತಂತಿಯಿಂದ ಸೇರಿಸಿ. ಇನ್ನೊಂದು ಬಗೆಯಾದರೆ ಎಫ್ ಅನ್ನು ಬಾಡಿಗೆ ಸೇರಿಸಿ. ವೋಲ್ಟ್‌ಮೀಟರ್ ಅನ್ನು ಆರ್ಮೇಚರ್ ಟರ್ಮಿನಲ್ ಮತ್ತು ಬಾಡಿ ನಡುವೆ ಹಿಡಿಯಿರಿ. ಹಳೇ ಗಾಡಿ ಪಾಸಿಟಿವ್ ಅರ್ತ್ ಆಗಿದ್ದರೆ, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿದ್ದರೆ, ಮೀಟರ್ ತಂತಿ ಅದಲು ಬದಲು. ಎಂಜಿನ್ ಐಡಲ್‌ನಿಂದ ನಿಧಾನವಾಗಿ ಏರಿಸಿ. ವೋಲ್ಟ್ ತಡವರಿಸದೆ ಸಲೀಸಾಗಿ ಏರಬೇಕು. 20 ವೋಲ್ಟ್ ದಾಟಲು ಬಿಡಬೇಡಿ, ವೇಗ 1000 ಆರ್‌ಪಿಎಂ ಮೀರುವ ಅಗತ್ಯವೂ ಇಲ್ಲ. ಈಗ ತಡೆಯುವವರು ಯಾರೂ ಇಲ್ಲ, ಕಾಲು ಒತ್ತಿದರೆ ಆರ್ಮೇಚರ್ ಸುಡುತ್ತದೆ.

ಸಲೀಸಾಗಿ ಏರಿದರೆ ಡೈನಮೋ ಆರೋಗ್ಯವಾಗಿದೆ, ದೋಷ ಅದರ ಆಚೆ. ಏನೂ ಬರದಿದ್ದರೆ ಬ್ರಷ್ ನೋಡಿ: ಸವೆದು ಗಿಡ್ಡ ಆಗಿದೆಯಾ, ಹೋಲ್ಡರ್‌ನಲ್ಲಿ ಸಿಕ್ಕಿಕೊಂಡಿದೆಯಾ, ಸ್ಪ್ರಿಂಗ್ ಬಲ ಕಳೆದುಕೊಂಡಿದೆಯಾ. ಒಂದು ವೋಲ್ಟ್ ಆಸುಪಾಸು ಬಂದು ಅಲ್ಲೇ ನಿಂತರೆ ಅದು ಉಳಿಕೆ ಕಾಂತಶಕ್ತಿ ಕೊಡುತ್ತಿರುವ ವೋಲ್ಟ್ ಮಾತ್ರ, ಫೀಲ್ಡ್ ಕಾಯಿಲ್ ಕೆಲಸ ಮಾಡುತ್ತಿಲ್ಲ. 4 ಅಥವಾ 5 ವೋಲ್ಟ್‌ಗೆ ನಿಂತರೆ ಆರ್ಮೇಚರ್ ಸುತ್ತಿನ ಮೇಲೆ ಅನುಮಾನ ಪಡಿ. ಮುಳ್ಳು ಕುಣಿಯುತ್ತಾ ಏರಿದರೆ ಕಮ್ಯುಟೇಟರ್ ಕಪ್ಪಾಗಿದೆ ಅಥವಾ ಅದರ ಪಟ್ಟಿಗಳ ನಡುವಿನ ಮೈಕಾ ಮೇಲೆದ್ದು ಬ್ರಷ್ ಕುಪ್ಪಳಿಸುತ್ತಿದೆ. ಮೈಕಾವನ್ನು ತಾಮ್ರದ ಮಟ್ಟಕ್ಕಿಂತ ಸುಮಾರು 0.8 ಮಿ.ಮೀ. ಕೆಳಗೆ ಕೆರೆಯಬೇಕು.

ಡೈನಮೋ ಬಿಚ್ಚಿ ಜೋಡಿಸಿದ ಮೇಲೆ, ಅಥವಾ ತುಂಬಾ ಕಾಲ ಸುಮ್ಮನೆ ಬಿದ್ದಿದ್ದ ಮೇಲೆ, ಉಳಿಕೆ ಕಾಂತಶಕ್ತಿ ಹೋಗಿರಬಹುದು ಅಥವಾ ಉಲ್ಟಾ ಆಗಿರಬಹುದು. ಉಲ್ಟಾ ಆಗಿದ್ದರೆ ಅಪಾಯ ಜಾಸ್ತಿ. ಕಟೌಟ್ ಕಾಯಿಲ್‌ಗೆ ಪಾಸಿಟಿವ್ ನೆಗೆಟಿವ್ ಭೇದ ಇಲ್ಲ, 13 ವೋಲ್ಟ್‌ಗೆ ಮುಚ್ಚಿಬಿಡುತ್ತದೆ. ಆಗ ಡೈನಮೋ ವೋಲ್ಟ್ ಮತ್ತು ಬ್ಯಾಟರಿ ವೋಲ್ಟ್ ಕಳೆಯುವ ಬದಲು ಕೂಡಿಕೊಂಡು ಪಾಯಿಂಟ್ ಮೇಲೆ ಸುಮಾರು 25 ವೋಲ್ಟ್ ಬೀಳುತ್ತದೆ. ಟಕಟಕ ಬಡಿಯುತ್ತಾ ಪಾಯಿಂಟ್ ಕೆಲವೇ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಇಲ್ಲವೇ ಅಂಟಿಕೊಳ್ಳುತ್ತದೆ. ಸರಿಪಡಿಸುವುದು ಸುಲಭ. ಎಂಜಿನ್ ನಿಂತಿರಲಿ. ಲ್ಯೂಕಸ್ ಬಗೆಯಲ್ಲಿ ಡೈನಮೋದ ಎಫ್ ವೈರು ಬಿಚ್ಚಿ, ಬ್ಯಾಟರಿಯ ಲೈವ್ ತುದಿಯಿಂದ ಒಂದು ತಂತಿ ತಂದು ಎಫ್ ಟರ್ಮಿನಲ್‌ಗೆ ಎರಡು ಮೂರು ಸಲ ತಾಗಿಸಿ ತೆಗೆಯಿರಿ. ಡೆಲ್ಕೊ ಬಗೆಯಲ್ಲಿ ರೆಗ್ಯುಲೇಟರ್‌ನ ಬ್ಯಾಟರಿ ಟರ್ಮಿನಲ್ ಮತ್ತು ಆರ್ಮೇಚರ್ ಟರ್ಮಿನಲ್ ನಡುವೆ ಒಂದು ಕ್ಷಣ ತಂತಿ ತಾಗಿಸಿದರೆ ಸಾಕು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಮಾತ್ರ ಇದನ್ನು ಮಾಡಲೇಬೇಡಿ, ಡಯೋಡ್ ಹೋಗುತ್ತದೆ. ಮೆಕ್ಯಾನಿಕಲ್ ರೆಗ್ಯುಲೇಟರ್ ಇರುವ ಹಳೇ ಆಲ್ಟರ್ನೇಟರ್‌ಗಳೂ ಇವೆ, ಪೆಟ್ಟಿಗೆ ನೋಡಲು ಒಂದೇ ಥರ. ಆದರೆ ಅಲ್ಲಿ ಕಟೌಟ್ ಕೆಲಸ ಡಯೋಡ್ ಮಾಡುತ್ತದೆ, ಈ ಬರಹದ ಪರೀಕ್ಷೆಗಳು ಅದಕ್ಕೆ ಹೊಂದುವುದಿಲ್ಲ.

ವೈರು, ಅದಕ್ಕಿಂತ ಮುಖ್ಯವಾಗಿ ಅರ್ತ್

ಡೈನಮೋ ಚೆನ್ನಾಗಿದೆ ಅಂತ ಖಚಿತವಾದ ಮೇಲೂ ಪೆಟ್ಟಿಗೆಗೆ ಕೈ ಹಾಕಬೇಡಿ. ಡೈನಮೋದಿಂದ ಪೆಟ್ಟಿಗೆಗೆ ಹೋಗುವ ಎರಡು ವೈರು ಎಂಜಿನ್ ಬಿಸಿ, ಎಣ್ಣೆ, ಅದುರಾಟ ಎಲ್ಲದರ ನಡುವೆ ಇರುತ್ತವೆ. ಹೊರಗೆ ಪ್ಲಾಸ್ಟಿಕ್ ಚೆನ್ನಾಗಿ ಕಂಡರೂ ಲಗ್ ಹತ್ತಿರ ತಾಮ್ರದ ಎಳೆಗಳು ಹಸಿರಾಗಿ ತುಂಡಾಗಿರುತ್ತವೆ. ಬೆರಳಲ್ಲಿ ಬಗ್ಗಿಸಿ ನೋಡಿ, ಒಳಗೆ ಮುರಿದಿದ್ದರೆ ವೈರು ಆ ಜಾಗದಲ್ಲಿ ಮೆತ್ತಗೆ ಮಡಚಿಕೊಳ್ಳುತ್ತದೆ.

ಅರ್ತ್ ನೋಡುವ ಕ್ರಮ ಹೀಗೆ. ಗಾಡಿ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಚಾರ್ಜ್ ಆಗುವ ವೇಗಕ್ಕೆ ಏರಿಸಿ. ಮೀಟರ್‌ನ ಒಂದು ತಂತಿ ಬ್ಯಾಟರಿಯ ಅರ್ತ್ ತುದಿಗೇ ಹಿಡಿಯಿರಿ, ಕ್ಲಾಂಪಿಗಲ್ಲ, ಸೀಸದ ತುದಿಗೆ. ಇನ್ನೊಂದು ತಂತಿಯನ್ನು ರೆಗ್ಯುಲೇಟರ್‌ನ ಇ ಟರ್ಮಿನಲ್‌ಗೆ, ಆಮೇಲೆ ಡೈನಮೋ ಬಾಡಿಗೆ ತಾಗಿಸಿ. ಎರಡೂ ಕಡೆ 0.1 ವೋಲ್ಟ್ ಒಳಗೆ ಇದ್ದರೆ ಸರಿ. ಅರ್ಧ ವೋಲ್ಟ್ ತೋರಿಸಿದರೆ ದೋಷ ಸಿಕ್ಕಿತು. ಯಾಕೆಂದರೆ ರೆಗ್ಯುಲೇಟರ್ ಅಳೆಯುವುದು ತನ್ನ ಅರ್ತ್‌ನಿಂದ. ಅಲ್ಲಿ ಅರ್ಧ ವೋಲ್ಟ್ ಕಳೆದರೆ ಅದಕ್ಕೆ ಅರ್ಧ ವೋಲ್ಟ್ ಕಡಿಮೆ ಕಾಣುತ್ತದೆ, ಅಷ್ಟನ್ನು ಜಾಸ್ತಿ ಬಿಡುತ್ತದೆ, ಬ್ಯಾಟರಿ ಕುದಿಯುತ್ತದೆ. ಸ್ಕ್ರೂ ತಿರುಗಿಸಿ ಇದನ್ನು ಸರಿದೂಗಿಸಿದರೆ ಮುಂದೆ ಯಾರೋ ಅರ್ತ್ ಉಜ್ಜಿ ಸರಿ ಮಾಡಿದ ದಿನ ಚಾರ್ಜ್ ಅಷ್ಟೇ ಪ್ರಮಾಣದಲ್ಲಿ ಇಳಿದುಹೋಗುತ್ತದೆ. ಹೊಸದಾಗಿ ಬಣ್ಣ ಬಳಿದ ಗಾಡಿಗಳಲ್ಲಿ ಈ ತೊಂದರೆ ತುಂಬಾ ಸಾಮಾನ್ಯ. ಪೆಟ್ಟಿಗೆ ಕೂರಿಸಿದ ಜಾಗದಲ್ಲಿ, ಎಂಜಿನ್ ಮತ್ತು ಬಾಡಿ ನಡುವಿನ ಪಟ್ಟಿಯಲ್ಲಿ ಬಣ್ಣ ಕೆರೆದು ಬರೀ ಲೋಹ ಕಾಣುವಂತೆ ಮಾಡಿ ಬಿಗಿ ಮಾಡಿ.

ಇದರ ಉಲ್ಟಾ ದೋಷವೂ ಇದೆ. ಪೆಟ್ಟಿಗೆಯ ಎ (ಬ್ಯಾಟರಿ ಕಡೆಯ) ಟರ್ಮಿನಲ್‌ನಿಂದ ಬ್ಯಾಟರಿವರೆಗಿನ ದಾರಿಯಲ್ಲಿ ಎಲ್ಲಾದರೂ ಜಾಯಿಂಟ್ ಕಪ್ಪಾಗಿದ್ದರೆ ಪೆಟ್ಟಿಗೆ ಹತ್ತಿರ ವೋಲ್ಟ್ ಸರಿ ಇರುತ್ತದೆ, ಬ್ಯಾಟರಿಗೆ ತಲುಪುವಾಗ ಇಳಿದಿರುತ್ತದೆ. ರೆಗ್ಯುಲೇಟರ್ ತನ್ನ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ, ಬ್ಯಾಟರಿ ಅರೆಹೊಟ್ಟೆಯಲ್ಲಿರುತ್ತದೆ. ಅಮೀಟರ್ ಹಿಂದಿನ ನಟ್‌ಗಳು ಮತ್ತು ಸ್ಟಾರ್ಟರ್ ಸೊಲೆನಾಯ್ಡ್ ಮೇಲಿನ ನಟ್ ಎರಡನ್ನೂ ನೋಡಲೇಬೇಕು.

ಈಗ ಪೆಟ್ಟಿಗೆ

ಮುಚ್ಚಳ ತೆಗೆಯುವ ಮೊದಲು ಬ್ಯಾಟರಿ ಅರ್ತ್ ಕಳಚಿ. ಈ ದಾರಿಯಲ್ಲಿ ಹೆಚ್ಚಿನ ಗಾಡಿಗಳಲ್ಲಿ ಫ್ಯೂಸ್ ಇಲ್ಲ. ಸ್ಕ್ರೂಡ್ರೈವರ್ ಜಾರಿ ಲೈವ್ ಟರ್ಮಿನಲ್ ಮತ್ತು ಬಾಡಿ ಒಟ್ಟಿಗೆ ತಾಗಿದರೆ ವೈರು ಕೆಂಪಗಾಗುತ್ತದೆ.

ಮುಚ್ಚಳ ತೆಗೆದ ತಕ್ಷಣ ಮೂಗು ಹತ್ತಿರ ತನ್ನಿ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯಿಲ್ ಹೋಗಿದೆ, ಪೆಟ್ಟಿಗೆಯನ್ನೇ ಬದಲಿಸಬೇಕು. ಬರದಿದ್ದರೆ ಪಾಯಿಂಟ್ ನೋಡಿ. ರೆಗ್ಯುಲೇಟರ್ ಪಾಯಿಂಟ್ ಟಂಗ್‌ಸ್ಟನ್, ಬಣ್ಣ ಬೂದು. ಕಟೌಟ್ ಪಾಯಿಂಟ್ ಬೆಳ್ಳಿಯದು, ಮೆತ್ತಗಿನ ಲೋಹ. ಟಂಗ್‌ಸ್ಟನ್‌ಗೆ ನಯವಾದ ಕಾರ್ಬೊರಂಡಮ್ ಕಲ್ಲು ಅಥವಾ ಸಿಲಿಕಾನ್ ಕಾರ್ಬೈಡ್ ಕಾಗದ, ಬೆಳ್ಳಿಗೆ ನಯವಾದ ಗ್ಲಾಸ್ ಪೇಪರ್. ಎಮರಿ ಕಾಗದ ಎರಡಕ್ಕೂ ಬೇಡ. ಅದರ ಪುಡಿ ಲೋಹದಲ್ಲಿ ಚುಚ್ಚಿಕೊಂಡು ಕೂತು ಸಂಪರ್ಕ ಕೆಡಿಸುತ್ತದೆ. ಉಜ್ಜಿದ ಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ.

ತಿಂಗಳುಗಟ್ಟಲೆ ನಿಂತಿದ್ದ ಗಾಡಿ ಚಾರ್ಜ್ ಮಾಡದಿದ್ದರೆ ಬಹಳ ಸಲ ಇಷ್ಟೇ ಸಾಕು. ಪಾಯಿಂಟ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಆಕ್ಸೈಡ್ ಕೂತಿರುತ್ತದೆ. 12 ವೋಲ್ಟ್ ಆಗಿದ್ದರೆ ಅದನ್ನು ದಾಟಿಕೊಂಡು ಹೋಗುತ್ತಿತ್ತೇನೋ, ಆದರೆ ಶುರುವಿನಲ್ಲಿ ಡೈನಮೋ ಕೊಡುವುದು ಒಂದು ವೋಲ್ಟ್ ತಾನೇ, ಅದಕ್ಕೆ ದಾಟಲು ಆಗುವುದಿಲ್ಲ. ಲ್ಯೂಕಸ್ ಬಗೆಯಲ್ಲಿ ಖಚಿತ ಮಾಡಿಕೊಳ್ಳಲು ಬ್ಯಾಟರಿ ಅರ್ತ್ ಮತ್ತೆ ಹಾಕಿ, ಎಂಜಿನ್ ಓಡುತ್ತಿರುವಾಗ ಪೆಟ್ಟಿಗೆಯ ಡಿ ಮತ್ತು ಎಫ್ ನಡುವೆ ಒಂದು ಕ್ಷಣ ತಂತಿ ತಾಗಿಸಿ. ಆಗ ಚಾರ್ಜ್ ಹತ್ತಿಕೊಂಡರೆ ದೋಷ ಆ ಪಾಯಿಂಟ್‌ನದೇ.

ಪಾಯಿಂಟ್ ಕೊಳೆಯಾಗಿರದೆ ಗುಳಿ ಬಿದ್ದು ಸುಟ್ಟಿದ್ದರೆ ಉಜ್ಜಿ ಸುಮ್ಮನಾಗಬೇಡಿ, ಯಾಕೆ ಸುಟ್ಟಿತು ಅಂತ ಹುಡುಕಿ. ಒಂದು ಕಾರಣ, ಒಳಗಿನ ಫೀಲ್ಡ್ ರೆಸಿಸ್ಟರ್ ತುಂಡಾಗಿರುವುದು. ಪಾಯಿಂಟ್ ತೆರೆದಾಗ ಕರೆಂಟ್‌ಗೆ ಬೇರೆ ದಾರಿ ಇರುವುದಿಲ್ಲ, ಅದು ಕಿಡಿಯಾಗಿ ಹಾರುತ್ತದೆ, ಅಮೀಟರ್ ಮುಳ್ಳು ಜೋರಾಗಿ ಬಡಿದಾಡುತ್ತದೆ. ಬ್ಯಾಟರಿ ಅರ್ತ್ ಕಳಚಿ, ಎಫ್ ವೈರು ಬಿಚ್ಚಿ, ಪಾಯಿಂಟ್ ನಡುವೆ ಕಾಗದ ಇಟ್ಟು ಡಿ–ಎಫ್ ಅಳೆದರೆ ಕೆಲವು ಹತ್ತು ಓಮ್ ಬರಬೇಕು. ಇನ್ನೊಂದು ಕಾರಣ ಫೀಲ್ಡ್ ಕಾಯಿಲ್ ಒಳಗೊಳಗೆ ಶಾರ್ಟ್ ಆಗಿರುವುದು. 6 ಓಮ್ ಇರಬೇಕಾದ್ದು 3 ಓಮ್ ಆದರೆ 2 ಆಂಪಿಯರ್ ಬದಲು 4 ಆಂಪಿಯರ್ ಆ ಚಿಕ್ಕ ಪಾಯಿಂಟ್ ಮೂಲಕ ಹೋಗುತ್ತದೆ. ಹೊಸ ಪೆಟ್ಟಿಗೆ ಹಾಕಿ ಕೆಲವೇ ದಿನಗಳಲ್ಲಿ ಅದೂ ಸುಟ್ಟಿತು ಅನ್ನುವ ದೂರುಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಹೊಸ ಪೆಟ್ಟಿಗೆ ತರುವ ಮೊದಲು ಫೀಲ್ಡ್ ಓಮ್ ಅಳೆಯಿರಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಮೂರನೆಯ ಕಾರಣ ಹೊರಗಿನಿಂದ ಬಂದಿರುತ್ತದೆ: ರೇಡಿಯೋದ ಗರಗರ ನಿಲ್ಲಿಸಲು ಯಾರೋ ಎಫ್ ಟರ್ಮಿನಲ್‌ಗೆ ಕಂಡೆನ್ಸರ್ ಹಾಕಿರುತ್ತಾರೆ. ಅದು ಅಲ್ಲಿರಬಾರದು, ಕಿತ್ತುಹಾಕಿ. ಬೇಕೇ ಬೇಕಿದ್ದರೆ ಡೈನಮೋದ ಡಿ ಟರ್ಮಿನಲ್‌ನಲ್ಲಿ ಇರಲಿ.

ಚಾರ್ಜ್ ಮಿತಿಮೀರಿದಾಗ

ಲಕ್ಷಣಗಳು ಗೊತ್ತೇ ಇರುತ್ತವೆ. ವೇಗ ಏರಿದಂತೆ ಲೈಟ್ ಬೆಳ್ಳಗಾಗುತ್ತದೆ, ಬ್ಯಾಟರಿ ಸುತ್ತ ಆಸಿಡ್ ತೇವ, ತುಂಬಿದ ಬ್ಯಾಟರಿಗೂ ಅಮೀಟರ್ ಜೋರು ಚಾರ್ಜ್ ತೋರಿಸುತ್ತಲೇ ಇರುತ್ತದೆ. ಎಂಜಿನ್ ಓಡುತ್ತಿರುವಾಗ ಡೈನಮೋದ ಎಫ್ ವೈರು ತೆಗೆಯಿರಿ. ಚಾರ್ಜ್ ತಕ್ಷಣ ಬಿದ್ದುಹೋದರೆ ಡೈನಮೋ ಒಳಗೆ ತೊಂದರೆ ಇಲ್ಲ, ದೋಷ ವೈರಿನಲ್ಲಿ ಅಥವಾ ಪೆಟ್ಟಿಗೆಯಲ್ಲಿ. ಎಫ್ ತೆಗೆದರೂ ಚಾರ್ಜ್ ಮುಂದುವರಿದರೆ ಫೀಲ್ಡ್‌ಗೆ ಒಳಗಿಂದಲೇ ದಾರಿ ಸಿಕ್ಕಿದೆ: ಲ್ಯೂಕಸ್ ಬಗೆಯಲ್ಲಿ ಎಫ್ ಎಲ್ಲೋ ಲೈವ್ ಬ್ರಷ್‌ಗೆ ತಾಗಿದೆ, ಡೆಲ್ಕೊ ಬಗೆಯಲ್ಲಿ ಬಾಡಿಗೆ ತಾಗಿದೆ. ಬೀಳುವ ಹಾಗಿದ್ದರೆ ಎಫ್ ವೈರನ್ನು ಡೈನಮೋಗೆ ಮತ್ತೆ ಹಾಕಿ, ಪೆಟ್ಟಿಗೆ ಕಡೆಯ ತುದಿ ತೆಗೆದು ನೋಡಿ. ಆಗಲೂ ಚಾರ್ಜ್ ಬೀಳದಿದ್ದರೆ ನಡುವಿನ ವೈರು ತಾಗುತ್ತಿದೆ. ಬಿದ್ದರೆ ಪೆಟ್ಟಿಗೆಯ ಪಾಯಿಂಟ್ ಅಂಟಿಕೊಂಡಿದೆ, ವೋಲ್ಟೇಜ್ ಕಾಯಿಲ್ ತುಂಡಾಗಿದೆ, ಅಥವಾ ಮತ್ತೆ ಅದೇ ಅರ್ತ್. ಇದೆಲ್ಲ ನೋಡುವಾಗ ಬ್ಯಾಟರಿ ವೈರನ್ನು ಮಾತ್ರ ಓಡುವ ಎಂಜಿನ್‌ನಲ್ಲಿ ಕಳಚಬೇಡಿ.

ಗಾಡಿ ನಿಂತಿರುವಾಗ ಬ್ಯಾಟರಿ ಇಳಿದರೆ

ಎಂಜಿನ್ ಆಫ್ ಮಾಡಿದ ಮೇಲೂ ಅಮೀಟರ್ ಮುಳ್ಳು ಡಿಸ್ಚಾರ್ಜ್ ಕಡೆ ಪೂರ್ತಿ ವಾಲಿ ನಿಂತಿದ್ದರೆ ಕಟೌಟ್ ಪಾಯಿಂಟ್ ಅಂಟಿಕೊಂಡಿದೆ, ಬ್ಯಾಟರಿ ಡೈನಮೋವನ್ನೇ ಮೋಟಾರ್ ಥರ ತಿರುಗಿಸಲು ನೋಡುತ್ತಿದೆ. ಬೆಲ್ಟ್ ಬಿಗಿಯಿರುವುದರಿಂದ ತಿರುಗಲಾಗದೆ ಆರ್ಮೇಚರ್ ಕಾಯುತ್ತದೆ. ಬ್ಯಾಟರಿ ತಕ್ಷಣ ಕಳಚಿ, ಇದು ಬೆಂಕಿಯವರೆಗೂ ಹೋಗಬಹುದಾದ ದೋಷ. ಕಟೌಟ್ ಸರಿಯಿದ್ದರೆ ಎಂಜಿನ್ ನಿಧಾನವಾಗುವಾಗ ಮುಳ್ಳು ಕೆಲವು ಆಂಪಿಯರ್ ಡಿಸ್ಚಾರ್ಜ್ ಕಡೆ ಹೋಗಿ ಟಪ್ ಅಂತ ಸೊನ್ನೆಗೆ ಬರಬೇಕು. ಆರ್‌ಬಿ 106ರಲ್ಲಿ ಕಟೌಟ್ ಮುಚ್ಚಬೇಕಾದ್ದು 12.7ರಿಂದ 13.3 ವೋಲ್ಟ್ ನಡುವೆ, ಬಿಡಬೇಕಾದ್ದು 8.5ರಿಂದ 11 ವೋಲ್ಟ್ ನಡುವೆ.

ಸ್ಕ್ರೂ ತಿರುಗಿಸಲೇಬೇಕಾದಾಗ

ಮೇಲಿನದೆಲ್ಲ ಸರಿಯಿದ್ದೂ ವೋಲ್ಟ್ ಮಾತ್ರ ತಪ್ಪಿದ್ದರೆ ಆಗ ಸ್ಕ್ರೂ. ಮುಳ್ಳಿನ ಮೀಟರ್ ಬಳಸಿ. ಪಾಯಿಂಟ್ ಕಂಪನಕ್ಕೆ ಸಾಧಾರಣ ಡಿಜಿಟಲ್ ಮೀಟರ್ ಅಂಕಿಗಳು ಕುಣಿಯುತ್ತಿರುತ್ತವೆ, ಓದಲು ಆಗುವುದಿಲ್ಲ. ಬ್ಯಾಟರಿಗೆ ಚಾರ್ಜ್ ಹೋಗದಂತೆ ಕಟೌಟ್ ಪಾಯಿಂಟ್ ನಡುವೆ ಒಂದು ಕಾಗದ ಸಿಕ್ಕಿಸಿ, ಡಿ ಮತ್ತು ಇ ನಡುವೆ ಮೀಟರ್ ಹಾಕಿ, ಎಂಜಿನ್ ನಿಧಾನವಾಗಿ ಏರಿಸಿ. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ಒಮ್ಮೆ ಮಿಡುಕಿ ನಿಲ್ಲುತ್ತದೆ. ಅದೇ ಸೆಟ್ಟಿಂಗ್.

ಇಲ್ಲೊಂದು ಬಲೆ ಇದೆ. ಎರಡು ಕಾಯಿಲ್ ಪೆಟ್ಟಿಗೆಯಲ್ಲಿ ಹೀಗೆ ಲೋಡ್ ಇಲ್ಲದೆ ಅಳೆದಾಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 16 ವೋಲ್ಟ್ ಆಸುಪಾಸು ಬರಬೇಕು. ಅದನ್ನು ಕಂಡು ಹೆದರಿ 14.2ಕ್ಕೆ ಇಳಿಸುವವರಿದ್ದಾರೆ. ಲೋಡ್ ಬಿದ್ದಾಗ ಆ ದಪ್ಪ ತಂತಿಯ ಸುತ್ತುಗಳು ವೋಲ್ಟೇಜನ್ನು ತಾವೇ ಇಳಿಸುತ್ತವೆ, ಬ್ಯಾಟರಿಗೆ ಸೇರುವುದು ಸರಿಯಾದ ವೋಲ್ಟೇ. ಮೊದಲೇ 14.2 ಮಾಡಿದರೆ ಲೋಡ್ ಬಿದ್ದಾಗ ಇನ್ನೂ ಇಳಿದು ಬ್ಯಾಟರಿ ಎಂದೂ ತುಂಬುವುದಿಲ್ಲ. ಮೂರು ಕಾಯಿಲ್ ಪೆಟ್ಟಿಗೆಗೆ ಈ 16ರ ಲೆಕ್ಕ ಇಲ್ಲ, ಅಲ್ಲಿ 14ರಿಂದ 15ರ ಆಸುಪಾಸು ಇರುತ್ತದೆ. ನಿಮ್ಮ ಪೆಟ್ಟಿಗೆಯ ನಂಬರ್ ಓದಿ ಅದರದೇ ಅಂಕಿ ಹಿಡಿಯಿರಿ.

ಲಾಕ್ ನಟ್ ಸಡಿಲಿಸಿ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸಿ. ಆರ್‌ಬಿ 106ರಲ್ಲಿ ಬಲಕ್ಕೆ ತಿರುಗಿಸಿದರೆ ವೋಲ್ಟ್ ಏರುತ್ತದೆ. ಇಡೀ ಕೆಲಸ 30 ಸೆಕೆಂಡ್ ಒಳಗೆ ಮುಗಿಯಬೇಕು. ಅದಕ್ಕಿಂತ ಜಾಸ್ತಿ ಹೊತ್ತಾದರೆ ಕಾಯಿಲ್ ಬಿಸಿಯಾಗಿ ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ, ಮೀಟರ್ ಸುಳ್ಳು ಹೇಳುತ್ತದೆ. ಮುಗಿಯದಿದ್ದರೆ ಎಂಜಿನ್ ನಿಲ್ಲಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಮಾಡಿ. ತಗಡು ಮತ್ತು ಕಾಯಿಲ್ ನಡುವಿನ ಸಂದನ್ನು ಮಾತ್ರ ಅಳತೆ ಗೊತ್ತಿಲ್ಲದೆ ಮುಟ್ಟಬೇಡಿ. ಅದು ಕೆಟ್ಟರೆ ಸ್ಕ್ರೂನಿಂದ ಸರಿ ಮಾಡಲು ಬರುವುದಿಲ್ಲ.

ಕೊನೆಗೂ ಚಾರ್ಜ್ ಸಾಲುತ್ತಿಲ್ಲ ಅನಿಸಿದರೆ ಲೋಡ್ ಲೆಕ್ಕ ಹಾಕಿ. 22 ಆಂಪಿಯರ್ ಡೈನಮೋ 12 ವೋಲ್ಟ್‌ಗೆ ಕೊಡುವುದು 264 ವ್ಯಾಟ್. 60 ವ್ಯಾಟ್‌ನ ಎರಡು ಹೆಡ್‌ಲೈಟ್‌ಗೇ 10 ಆಂಪಿಯರ್ ಹೋಯಿತು, ಇಗ್ನಿಷನ್‌ಗೆ 3 ಅಥವಾ 4, ವೈಪರ್, ಹಿಂದಿನ ದೀಪಗಳು, ಮೇಲೆ ಎರಡು ಫಾಗ್ ಲೈಟ್ ಸೇರಿಸಿದ್ದರೆ ಮುಗಿದೇ ಹೋಯಿತು. ಇಂಥ ಗಾಡಿಗೆ ಬೇಕಾದ್ದು ಲೋಡ್ ಇಳಿಸುವುದು ಅಥವಾ ದೊಡ್ಡ ಡೈನಮೋ. ಸೆಟ್ಟಿಂಗ್ ಮುಗಿದ ಮೇಲೆ ಕಾಗದ ತೆಗೆದು, ಮುಚ್ಚಳವನ್ನು ಅದರ ರಬ್ಬರ್ ಸಮೇತ ಹಾಕಿ, ಸ್ವಲ್ಪ ದೂರ ಓಡಿಸಿ ಬಿಸಿಯಿರುವಾಗ ಬ್ಯಾಟರಿ ಮೇಲೆ ವೋಲ್ಟ್ ಅಳೆಯಿರಿ. ಚೆನ್ನಾಗಿ ತುಂಬಿದ ಬ್ಯಾಟರಿಯಲ್ಲಿ 14ರಿಂದ 14.5 ಬರಬೇಕು. ಮರುದಿನ ಸ್ಟಾರ್ಟ್ ಮಾಡುವ ಮೊದಲು 12.6 ಇದ್ದು, ಮುಂದಿನ ಕೆಲವು ವಾರ ಡಿಸ್ಟಿಲ್ಡ್ ವಾಟರ್ ಪದೇ ಪದೇ ಹಾಕುವ ಹಾಗಿಲ್ಲದಿದ್ದರೆ ಸೆಟ್ಟಿಂಗ್ ಸರಿಯಾಗಿ ಕೂತಿದೆ.